ಮಾಸ್ತರರು ಬೆಳೆಸಿದ ತಂಡ: ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಗುರುಗಳು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನು ಬಿ.ಇ. ಓದಿ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಆ ನಿರೀಕ್ಷೆ ಸಹಜವೇ. ಆದರೆ ಕಳೆದ ಒಂದೂವರೆ ವರ್ಷದಿಂದ ನನ್ನ ತಲೆಯಲ್ಲಿ ಕುಳಿತಿರುವ ವಿಷಯ ಬೇರೆ. ಅದು ಈಗ ಇಲ್ಲದ ಒಂದು ಫುಟ್‌ಬಾಲ್ ತಂಡದ ಇತಿಹಾಸ. ಅದನ್ನೇ ಬರೆಯಲು ಅಪ್ಪಣೆ ಕೇಳಿದೆ. ಗುರುಗಳು ನಕ್ಕು ಒಪ್ಪಿದರು.

2024ರಲ್ಲಿ ‘ಮೈದಾನ್’ ಎಂಬ ಹಿಂದಿ ಸಿನಿಮಾ ಬಂತು. ಅಜಯ್ ದೇವಗನ್ ಅದರಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಫುಟ್‌ಬಾಲ್ ತರಬೇತುದಾರನ ಪಾತ್ರ ಮಾಡಿದ್ದಾರೆ. ಚಿತ್ರ ಭಾರತ ತಂಡದ ಕುರಿತಾದದ್ದು. ನೋಡಿ ಬಂದ ಮೇಲೆ ರಹೀಮ್ ಯಾರು ಎಂದು ಹುಡುಕುತ್ತ ಹೋದೆ. ಆತ ಮೂಲತಃ ಶಾಲಾ ಮಾಸ್ತರ ಎಂದು ತಿಳಿದಾಗ ಆಸಕ್ತಿ ಹೆಚ್ಚಾಯಿತು. 1909ರಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಕಾಚಿಗುಡ ಮಿಡಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು. ಕಾಚಿಗುಡ ಎಂದರೆ ನಮ್ಮೂರಿನವರಿಗೆ ರೈಲು ಇಳಿಯುವ ಸ್ಟೇಷನ್ ಮಾತ್ರ! ಮುಂದೆ ದಾರುಲ್ ಉಲೂಮ್, ಚಾದರಘಾಟ್ ಹೈಸ್ಕೂಲುಗಳಲ್ಲೂ ಕಲಿಸಿದರು, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳ ಆಟೋಟದ ಹೊಣೆ ಹೊತ್ತರು. ಅಂದರೆ ನಮ್ಮ ಪಿ.ಟಿ. ಮಾಸ್ತರರ ಕುಲದವರೇ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ವಹಿಸಿಕೊಂಡರು. ಮೊದಲು ಸಿಟಿ ಅಫ್ಘಾನ್ಸ್ ಎಂಬ ಹೆಸರಿನಲ್ಲಿದ್ದ ತಂಡ ಇದು. ಆಟಗಾರರು ಪೊಲೀಸ್ ಇಲಾಖೆಯ ಸಂಬಳದ ನೌಕರರು. ಇಂದಿನ ಹಾಗೆ ಕೋಟಿ ಲೆಕ್ಕದ ಹರಾಜು ಆಗ ಎಲ್ಲಿತ್ತು?

ಆ ಕಾಲವನ್ನು ನಮ್ಮ ಭಾಗದ ಹಿರಿಯರು ಬಲ್ಲರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮ ಕಲಬುರಗಿ, ಬೀದರ, ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ನಮ್ಮ ಅಜ್ಜ ‘ಪೊಲೀಸ್’ ಎಂಬ ಶಬ್ದವನ್ನು ಸಾಯುವವರೆಗೂ ದನಿ ತಗ್ಗಿಸಿಯೇ ಹೇಳುತ್ತಿದ್ದರು. ಆ ದಿನಗಳಲ್ಲಿ ಊರೂರಲ್ಲಿ ಏನೇನಾಯಿತು ಎಂಬುದು ಇಲ್ಲಿ ಬರೆಯುವ ವಿಷಯವಲ್ಲ. ಅದಾಗಿ ಎರಡೇ ವರ್ಷಕ್ಕೆ ಅದೇ ಹೈದರಾಬಾದಿನ ಹೆಸರು ಹೊತ್ತ ಒಂದು ಪೊಲೀಸ್ ತಂಡ ದೇಶದ ತುಂಬ ಚಪ್ಪಾಳೆ ಗಿಟ್ಟಿಸಿತು ಎಂಬುದು ಮಾತ್ರ ನನಗೆ ಈಗಲೂ ಸೋಜಿಗ.

ಆಗ ಭಾರತದಲ್ಲಿ ದೊಡ್ಡ ಟೂರ್ನಿಗಳು ಮೂರು: ದೆಹಲಿಯ ಡ್ಯುರಾಂಡ್ ಕಪ್, ಮುಂಬಯಿಯ ರೋವರ್ಸ್ ಕಪ್, ಕಲ್ಕತ್ತೆಯ ಐ.ಎಫ್.ಎ. ಶೀಲ್ಡ್. ಬ್ರಿಟಿಷರ ಕಾಲದಲ್ಲಿ ರೋವರ್ಸ್ ಕಪ್ ಹೆಚ್ಚಾಗಿ ಗೋರಾ ಪಲ್ಟನ್ನುಗಳ ಪಾಲಾಗುತ್ತಿತ್ತು. 1937ರಲ್ಲಿ ಅದನ್ನು ಮೊದಲು ಗೆದ್ದ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ಕನ್ನಡಿಗರೇ ಮರೆತಿದ್ದೇವೆ. ಸಿಟಿ ಪೊಲೀಸ್ ಆ ಕಪ್ಪನ್ನು 1950, 51, 52, 53, 54 ಹೀಗೆ ಸತತ ಐದು ವರ್ಷ ಎತ್ತಿತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ನಂಥ ದೊಡ್ಡ ಕ್ಲಬ್ಬುಗಳಿಗೂ ಐದು ವರ್ಷ ಅದನ್ನು ಮುಟ್ಟಲಾಗಲಿಲ್ಲ. 1950ರ ಡ್ಯುರಾಂಡ್ ಫೈನಲ್‌ನಲ್ಲಿ ಎದುರಾಳಿ ಮೋಹನ್ ಬಾಗಾನ್. ಮೊದಲ ದಿನ ಆಟ ಸಮವಾಗಿ, ಮತ್ತೆ ಆಡಿಸಿದಾಗ ಪೊಲೀಸರು 1–0ರಿಂದ ಗೆದ್ದರು. 1954 ಮತ್ತು 1957ರಲ್ಲೂ ಡ್ಯುರಾಂಡ್ ಅವರದೇ.

ರಹೀಮ್ ಮಾಸ್ತರರು ಏನು ಕಲಿಸಿದರು ಎಂಬುದು ನನಗೆ ಕಪ್ಪುಗಳ ಲೆಕ್ಕಕ್ಕಿಂತ ಮುಖ್ಯವೆನಿಸಿತು. ಆಗ ನಮ್ಮವರ ಆಟದಲ್ಲಿ ಒಬ್ಬನೇ ಚೆಂಡನ್ನು ಹಿಡಿದು ನಾಲ್ಕು ಜನರನ್ನು ದಾಟಿಸಿಕೊಂಡು ಹೋಗುವುದೇ ದೊಡ್ಡಸ್ತಿಕೆ. ಜನ ಶಿಳ್ಳೆ ಹೊಡೆಯುತ್ತಿದ್ದದ್ದೂ ಅದಕ್ಕೇ. ರಹೀಮ್ ಅದನ್ನು ಬಿಡಿಸಲು ಡ್ರಿಬ್ಲಿಂಗ್ ನಿಷೇಧಿಸಿದ ಟೂರ್ನಿಗಳನ್ನೇ ನಡೆಸಿದರು. ಚೆಂಡು ಬಂದೊಡನೆ ಪಕ್ಕದವನಿಗೆ ಕೊಡಬೇಕು. ಹಾಗೆಯೇ ದುರ್ಬಲ ಕಾಲಿನ ಟೂರ್ನಿ: ಬಲಗಾಲಿನವನು ಎಡಗಾಲಿನಿಂದ ಮಾತ್ರ ಒದೆಯಬೇಕು. ಹಂಗೇರಿಯವರು ಆಡುತ್ತಿದ್ದಂತೆ ಸೆಂಟರ್ ಫಾರ್ವರ್ಡ್ ಆಟಗಾರನನ್ನು ಹಿಂದಕ್ಕೆಳೆದು ಆಡಿಸಿ ನೋಡಿದರು. ಬ್ರೆಜಿಲ್ 1958ರಲ್ಲಿ ವಿಶ್ವಕಪ್ ಗೆದ್ದು ಲೋಕಕ್ಕೆಲ್ಲ ತೋರಿಸಿದ 4–2–4 ವ್ಯೂಹವನ್ನು ನಮ್ಮ ದೇಶದಲ್ಲಿ ತಂದವರೂ ಅವರೇ.

ಇದನ್ನು ಓದುವಾಗ ನಾನು ಕುರ್ಚಿಯಿಂದ ಎದ್ದು ಕುಳಿತೆ. ಏಕೆಂದರೆ 2003-04ರಲ್ಲಿ, ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ನಮ್ಮ ಪಿ.ಟಿ. ಮಾಸ್ತರರು ಶನಿವಾರ ನಮ್ಮನ್ನು ನಿಲ್ಲಿಸಿ, “ಇವತ್ತ ಎಡಗಾಲಿಲೆ ಅಷ್ಟ ಹೊಡೀಬೇಕು, ಬಲಗಾಲ ಮುಟ್ಟಿದಾಂವ ಹೊರಗ” ಎನ್ನುತ್ತಿದ್ದರು. ನಾವದನ್ನು ಶಿಕ್ಷೆ ಎಂದೇ ತಿಳಿದಿದ್ದೆವು. ನಮ್ಮ ಬ್ಯಾಚಿನವರಿಗೆ ನೆನಪಿರಬಹುದು, ಬೇವಿನ ಮರದ ಕಡೆಗಿನ ಗೋಲ್ ಎಂದರೆ ಎರಡು ಶಹಾಬಾದಿ ಕಲ್ಲು. ಮಾಸ್ತರರು ಈಗಿಲ್ಲ. ಅದನ್ನು ಎಲ್ಲಿಂದ ಕಲಿತಿರಿ ಎಂದು ಕೇಳುವ ಅವಕಾಶ ನನಗೆ ತಪ್ಪಿತು.

ಸಿಟಿ ಪೊಲೀಸ್ ತಂಡದ ಹುಡುಗರು ಎಂಥ ಮನೆಗಳಿಂದ ಬರುತ್ತಿದ್ದರು ಎಂಬುದಕ್ಕೆ ತುಳಸೀದಾಸ್ ಬಲರಾಮ್ ಒಬ್ಬರ ಕಥೆ ಸಾಕು. ಸಿಕಂದರಾಬಾದಿನ ಅಂಚಿನ ಅಮ್ಮುಗುಡದ ಬಡ ಹುಡುಗ. ಬೂಟು ಕೊಳ್ಳಲು ಹಣವಿಲ್ಲದೆ ಹಳೆಯ ಬೂಟು ಕೇಳಿ ತಂದು, ಮೋಚಿಯ ಹತ್ತಿರ ಫುಟ್‌ಬಾಲ್ ಬೂಟು ಮಾಡಿಸಿಕೊಂಡಾತ. ಅವನನ್ನು ರಹೀಮ್ ಗುರುತಿಸಿ ಬೆಳೆಸಿದರು. ಇಪ್ಪತ್ತು ತುಂಬುವಷ್ಟರಲ್ಲಿ ಬಲರಾಮ್ ಮೆಲ್ಬರ್ನ್ ಒಲಿಂಪಿಕ್ಸ್ ವಿಮಾನ ಹತ್ತಿದ್ದರು.

ಆ 1956ನೇ ಇಸವಿಯೇ ವಿಚಿತ್ರ. ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಭೂಪಟದಿಂದ ಮಾಯವಾಯಿತು. ನಾವು ಮೈಸೂರು ರಾಜ್ಯಕ್ಕೆ ಬಂದೆವು, ಹೈದರಾಬಾದ್ ನಗರ ಆಂಧ್ರ ಪ್ರದೇಶಕ್ಕೆ ಹೋಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ತರಬೇತಿಯ ಭಾರತ ತಂಡ ಮೆಲ್ಬರ್ನಿನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಆ ತಂಡದಲ್ಲಿ ಹೈದರಾಬಾದಿನ ನೂರ್ ಮಹಮ್ಮದ್, ಅಜೀಜುದ್ದೀನ್ ಇದ್ದರು, ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು ಮೊದಲ ಗೋಲು ನಮ್ಮದೇ. ಕೊನೆಗೆ 1–4ರಿಂದ ಸೋತೆವು. ಕಂಚಿನ ಪದಕದ ಆಟದಲ್ಲೂ ಬಲ್ಗೇರಿಯಾ ಗೆದ್ದು, ಭಾರತಕ್ಕೆ ನಾಲ್ಕನೇ ಸ್ಥಾನ. ನಾಲ್ಕು ವರ್ಷ ಹಿಂದೆ ಹೆಲ್ಸಿಂಕಿಯಲ್ಲಿ ಇದೇ ಯುಗೊಸ್ಲಾವಿಯಾ ನಮಗೆ 10–1ರಿಂದ ಹೊಡೆದಿತ್ತು ಎಂಬುದನ್ನು ನೆನೆದರೆ ಆ ಮಾಸ್ತರರ ಕೆಲಸದ ತೂಕ ತಿಳಿಯುತ್ತದೆ. 1956-57, 1957-58ರ ಎರಡೂ ಸಂತೋಷ್ ಟ್ರೋಫಿಗಳನ್ನು ಗೆದ್ದದ್ದು ಹೈದರಾಬಾದ್. ಎರಡನೆಯದು ಮುಗಿಯುವಷ್ಟರಲ್ಲಿ ಆ ಹೆಸರಿನ ರಾಜ್ಯವೇ ಉಳಿದಿರಲಿಲ್ಲ.

ಪೊಲೀಸ್ ತಂಡಕ್ಕೂ ಹೆಸರು ಬದಲಾಯಿತು. ಆಂಧ್ರ ಪೊಲೀಸ್ ಎಂದು ಆಡತೊಡಗಿತು. 1960ರಲ್ಲಿ ರೋವರ್ಸ್, 1961ರಲ್ಲಿ ಡ್ಯುರಾಂಡ್, 1962ರಲ್ಲಿ ಈಸ್ಟ್ ಬೆಂಗಾಲ್ ಜೊತೆ ಜಂಟಿಯಾಗಿ ರೋವರ್ಸ್. 1962ರ ಸೆಪ್ಟೆಂಬರ್ 4ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಮ್ ಅವರ ಭಾರತ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ಗೆದ್ದಿತು. 1951ರ ದೆಹಲಿಯ ಚಿನ್ನವೂ ಅವರ ತರಬೇತಿಯಲ್ಲೇ ಬಂದದ್ದು. ಜಕಾರ್ತಕ್ಕೆ ಹೋಗುವಾಗಲೇ ಅವರನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್ 11ರಂದು ತೀರಿಕೊಂಡರು, ವಯಸ್ಸು 53. ಆ ವರ್ಷ ರೋವರ್ಸ್ ಕಪ್ ಮತ್ತೆ ಆಂಧ್ರ ಪೊಲೀಸರಿಗೆ ಬಂತು. ಅದೇ ಕೊನೆಯದು.

ಈ ತಂಡ ಇಂಥ ದಿನ ಬಾಗಿಲು ಹಾಕಿತು ಎಂದು ಹೇಳುವಂತಿಲ್ಲ. ಕೆರೆ ಬತ್ತಿದ ಹಾಗೆ ಬತ್ತಿತು. ಒಳ್ಳೆಯ ಹುಡುಗರಿಗೆ ಕಲ್ಕತ್ತೆಯ ಕ್ಲಬ್ಬುಗಳು ಕರೆ ಕೊಟ್ಟವು. ಬಲರಾಮ್ 1957ರಲ್ಲೇ ಈಸ್ಟ್ ಬೆಂಗಾಲ್ ಸೇರಿದ್ದರು. 1966ರಲ್ಲಿ ಮಹಮ್ಮದ್ ಹಬೀಬ್ ಕೂಡ ಅದೇ ದಾರಿ ಹಿಡಿದರು. ಅವರನ್ನು ದೂರುವಂತೆಯೂ ಇಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟ ನಾನು ಯಾವ ಬಾಯಿಂದ ದೂರಲಿ? ಹಿಂದೆ ಒಬ್ಬ ಹೋದರೆ ಶಾಲೆ-ಮೊಹಲ್ಲಾಗಳಿಂದ ಇನ್ನೊಬ್ಬನನ್ನು ತಯಾರು ಮಾಡುವ ಮಾಸ್ತರರಿದ್ದರು. ಅವರೇ ಹೋದ ಮೇಲೆ ಆ ಕೆಲಸ ಯಾರದೂ ಆಗಲಿಲ್ಲ. 1965-66ರಲ್ಲಿ ಆಂಧ್ರ ಪ್ರದೇಶ ಸಂತೋಷ್ ಟ್ರೋಫಿ ಗೆದ್ದದ್ದು ಹಳೆಯ ಫಸಲಿನ ಕೊನೆಯ ರಾಶಿ ಎಂದು ನನ್ನ ಅಭಿಪ್ರಾಯ. ಆಮೇಲೆ ಅದು ಅಲ್ಲಿಗೆ ಬರಲಿಲ್ಲ. ಈಚೆಗೆ ಹೈದರಾಬಾದ್ ಎಫ್.ಸಿ. ಎಂಬ ಹೊಸ ಕ್ಲಬ್ 2022ರಲ್ಲಿ ಐ.ಎಸ್.ಎಲ್. ಗೆದ್ದಿತು. ಗಚ್ಚಿಬೌಲಿಯಲ್ಲಿ ಅದರ ಪಂದ್ಯ ನೋಡಿ ನಾನೂ ಕೂಗಿದ್ದೇನೆ. 2025ರಲ್ಲಿ ಅದು ದೆಹಲಿಗೆ ಹೊರಟುಹೋಯಿತು.

ಇನ್ನೊಂದು ಸಂಗತಿ. ರಹೀಮ್ ಅವರ ಮಗ ಸೈಯದ್ ಶಾಹಿದ್ ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ವಾಯುಪಡೆಯ ಅಧಿಕಾರಿ, ಅಂತರರಾಷ್ಟ್ರೀಯ ರೆಫರಿ, ಧ್ಯಾನ್‌ಚಂದ್ ಪ್ರಶಸ್ತಿ ಪಡೆದವರು. ಅವರು ಕೊನೆಯುಸಿರೆಳೆದದ್ದು 2021ರ ಆಗಸ್ಟ್ 22ರಂದು, ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ. ಆ ವಾರ ನಾನು ಮನೆಯಿಂದ ಕೆಲಸ ಮಾಡುತ್ತ ಊರಿನಲ್ಲೇ ಇದ್ದೆ. ಫೋನಿನಲ್ಲಿ ಸುದ್ದಿ ಬಂದಿತ್ತು. ಯಾರೋ ಎಂದು ಮೇಲಕ್ಕೆ ಸರಿಸಿದೆ.

ಈ ಸಂಚಿಕೆಯಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕು. ಆರು ವರ್ಷ ಹಿಂದೆ ನಮ್ಮ ಬ್ಯಾಚಿನವರು ಹಣ ಕೂಡಿಸಿ ಶಾಲೆಗೆ ಕಂಪ್ಯೂಟರ್ ಕೋಣೆ ಕಟ್ಟಿಸಿಕೊಟ್ಟೆವು. ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ “ಬೇವಿನ ಮರದ ಕಡೆ ಖಾಲಿ ಬಿದ್ದೈತಲ್ಲ” ಎಂದವನು ನಾನೇ. ಖಾಲಿ ಬಿದ್ದಿದ್ದ ಆ ಜಾಗ ನಾವು ಎಡಗಾಲಿನಿಂದ ಗೋಲು ಹೊಡೆಯುತ್ತಿದ್ದ ಜಾಗ. ಹೋದ ದೀಪಾವಳಿಗೆ ಬಂದಾಗ ಏಳೆಂಟು ಹುಡುಗರು ಉಳಿದ ಅರ್ಧ ಮೈದಾನದಲ್ಲಿ ಒಂದೇ ಗೋಲಿಗೆ ಎರಡೂ ತಂಡ ಆಡುತ್ತಿದ್ದರು. ಚೆಂಡು ಕಂಪ್ಯೂಟರ್ ಕೋಣೆಯ ಕಿಟಕಿಗೆ ಬಿದ್ದರೆ ಬೈಗುಳ. ಶಾಲೆಯ ಹಿಂದಿನ ಮುಳ್ಳುಜಾಲಿ ಬೆಳೆದ ಪಟ್ಟಿಯನ್ನು ಸ್ವಚ್ಛ ಮಾಡಿದರೆ ಮೈದಾನ ಮತ್ತೆ ಉದ್ದವಾಗುತ್ತದೆ ಎಂದು ಗುರುಗಳು ಹೇಳಿದ್ದಾರೆ. ಜೆ.ಸಿ.ಬಿ.ಯ ಖರ್ಚು ನಮ್ಮ ಬ್ಯಾಚಿನದು. ಸಮಾರಂಭದ ಮರುದಿನ ಬೆಳಿಗ್ಗೆ ಕೆಲಸ ಶುರು, ಊರಿನವರು ಕುಡುಗೋಲು, ಸಲಿಕೆ ತಂದು ಕೈ ಜೋಡಿಸಬೇಕೆಂದು ವಿನಂತಿ.

ಹಾಗೆಯೇ ಹಿರಿಯರಲ್ಲಿ ಯಾರಾದರೂ ಆ ಕಾಲದಲ್ಲಿ ಹೈದರಾಬಾದಿಗೆ ಹೋದಾಗ ಫತೇ ಮೈದಾನದಲ್ಲಿ ಸಿಟಿ ಪೊಲೀಸರ ಆಟ ನೋಡಿದ್ದರೆ, ಅಥವಾ ನಿಮ್ಮ ಅಪ್ಪ-ಅಜ್ಜಂದಿರು ಹೇಳಿದ್ದು ನೆನಪಿದ್ದರೆ, ಶಾಲೆಯ ಕಚೇರಿಯಲ್ಲಿ ತಿಳಿಸಿ. ನಾನು ಬಂದು ಬರೆದುಕೊಳ್ಳುತ್ತೇನೆ.