ಸಣ್ಣ ಊರುಗಳ ವಿಮಾನ: ವಾಯುದೂತ್ ನೆನಪು

1981ರ ಜನವರಿ 20ರಂದು ವಾಯುದೂತ್ ವಿಮಾನಯಾನ ಕಂಪನಿಯಾಗಿ ನೋಂದಣಿಯಾಯಿತು. ಆರೇ ದಿನಕ್ಕೆ, ಗಣರಾಜ್ಯೋತ್ಸವದಂದು, ಅದರ ಮೊದಲ ವಿಮಾನ ಹಾರಿತು. ಇಷ್ಟು ಅವಸರದಲ್ಲಿ ಹುಟ್ಟಿದ ಸಂಸ್ಥೆಗೆ ಸ್ವಂತ ವಿಮಾನ ಎಲ್ಲಿಂದ ಬರಬೇಕು? ಇಂಡಿಯನ್ ಏರ್‌ಲೈನ್ಸ್ ಬಳಸಿ ಹಳತಾಗಿದ್ದ ಫೋಕರ್ ಫ್ರೆಂಡ್‌ಶಿಪ್‌ಗಳೇ ಗತಿ. ಬಂಡವಾಳ ಅಂದಿನ ಸರ್ಕಾರಿ ಸಂಸ್ಥೆಗಳಾದ ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾಗಳದ್ದು, ಇಬ್ಬರದೂ ಸಮಪಾಲು. ಇಬ್ಬರಿಗೂ ಸೇರಿದ ಕೂಸು ಕೊನೆಗೆ ಯಾರಿಗೂ ಬೇಡವಾಯಿತು ಎಂಬುದು ಮುಂದಿನ ಕಥೆ. ಆದರೆ ಆ ಜನವರಿಯಲ್ಲಿ ಈಶಾನ್ಯ ಭಾರತದ ಸಣ್ಣ ಊರುಗಳಿಗೆ ಅದು ಹಬ್ಬದ ಸುದ್ದಿಯೇ ಆಗಿತ್ತು.

ಏಕೆಂದರೆ ಆ ಊರುಗಳು ವಿಮಾನವನ್ನು ಕಂಡು ಕಳೆದುಕೊಂಡಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸ್ಸಾಂ, ತ್ರಿಪುರಾ, ಉತ್ತರ ಬಂಗಾಳದ ತುಂಬ ರನ್‌ವೇಗಳು ಎದ್ದಿದ್ದವು. ಯುದ್ಧ ಮುಗಿದ ಮೇಲೆ ಅವುಗಳ ಮೇಲೆ ಡಕೋಟಾಗಳು ಇಳಿದವು, ಜನರನ್ನೂ ಸರಕನ್ನೂ ಹೊತ್ತವು. 1970ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737 ಜೆಟ್‌ಗಳತ್ತ ಹೊರಳಿತು. ಜೆಟ್‌ಗೆ ಉದ್ದನೆಯ ಗಟ್ಟಿ ರನ್‌ವೇ ಬೇಕು, ತುಂಬಿದ ಸೀಟು ಬೇಕು. ರೂಪ್ಸಿ, ಕೂಚ್ ಬಿಹಾರ್, ಕೈಲಾಶಹರ್, ಕಮಲಪುರದಂಥ ಊರುಗಳಲ್ಲಿ ಎರಡೂ ಇರಲಿಲ್ಲ. ದೇಶ ವಿಭಜನೆಯಾದಾಗ ತ್ರಿಪುರಾದಿಂದ ಕೋಲ್ಕತ್ತಕ್ಕಿದ್ದ ನೇರದಾರಿ ಪೂರ್ವ ಪಾಕಿಸ್ತಾನದೊಳಗೆ ಸೇರಿಹೋಗಿತ್ತು. ನಕಾಶೆಯಲ್ಲಿ ಕೂಗಳತೆಯಲ್ಲಿ ಕಾಣುವ ನಗರಕ್ಕೆ ರೈಲಿನಲ್ಲಿ ಹೊರಟವರು ಅಸ್ಸಾಂ ಸುತ್ತಿ ದಿನಗಟ್ಟಲೆ ಕೂರಬೇಕಿತ್ತು. ಅಲ್ಲಿಯ ರೋಗಿಗೆ, ವಿದ್ಯಾರ್ಥಿಗೆ, ಅಂಚೆಚೀಲಕ್ಕೆ ವಿಮಾನವೆಂದರೆ ಐಷಾರಾಮವಾಗಿರಲಿಲ್ಲ.

ಸರ್ಕಾರ ವಾಯುದೂತ್‌ಗೆ ವಹಿಸಿದ್ದು ಈ ಕೆಲಸ. ಕೋಲ್ಕತ್ತವನ್ನು ನೆಲೆ ಮಾಡಿಕೊಂಡು, ಯಾವ ಕಂಪನಿಯೂ ಲಾಭದ ಆಸೆಯಿಂದ ಹೋಗಲಾರದ ಊರಿಗೆ ಹೋಗಬೇಕು. ಟಿಕೆಟ್ ದರವನ್ನು ಮಾತ್ರ ಅಲ್ಲಿಯ ಜನರ ಕೈಗೆಟಕುವಂತೆ ಇಡಬೇಕು. ಈ ಎರಡು ಮಾತುಗಳ ನಡುವಿನ ಕಂದರವನ್ನು ಯಾರು ತುಂಬಿಕೊಡುತ್ತಾರೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಲೇ ಇಲ್ಲ. ವಾಯುದೂತ್ ಮುಳುಗಿದ್ದಕ್ಕೆ ಹತ್ತಾರು ಕಾರಣ ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಮೂಲ ಕಾರಣ ಇದೊಂದೇ. ಉಳಿದವೆಲ್ಲ ಇದರ ಬೆನ್ನಿಗೆ ಬಂದವು.

ಸಣ್ಣ ವಿಮಾನದ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲವಾದರೆ ವಾಯುದೂತ್ ನೌಕರರು ಎಂಥ ಹೊರೆ ಹೊತ್ತಿದ್ದರೆಂಬುದು ಅರ್ಥವಾಗುವುದಿಲ್ಲ. ವಾಯುದೂತ್ ಮುಂದೆ ಹಾರಿಸಿದ 19 ಸೀಟಿನ ಡಾರ್ನಿಯರ್ 228ಕ್ಕೂ ಇಬ್ಬರು ಪೈಲಟ್‌ಗಳು ಬೇಕು, ದೊಡ್ಡ ಬೋಯಿಂಗ್‌ಗೂ ಇಬ್ಬರೇ. ನೆಲದ ಮೇಲಿನ ಎಂಜಿನಿಯರ್, ಇಂಧನದ ಟ್ರಕ್, ಅಗ್ನಿಶಾಮಕ ವಾಹನ, ಹವಾಮಾನ ವರದಿ ಇವೆಲ್ಲ ಎರಡಕ್ಕೂ ಬೇಕು. ಆ ಖರ್ಚನ್ನು ಅಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಹಂಚಿದರೆ ಇಲ್ಲಿ ಹತ್ತೊಂಬತ್ತು ಜನರ ಮೇಲೆ ಹಂಚಬೇಕು. ಅದರಲ್ಲೂ ಅರ್ಧ ಸೀಟು ಖಾಲಿ ಹೋದ ದಿನ ಉಳಿದವರ ಟಿಕೆಟ್ ಇಂಧನಕ್ಕೂ ಸಾಲದು. ವಿಮಾನ ಹೆಚ್ಚು ಇಂಧನ ಕುಡಿಯುವುದು ಮೇಲೇರುವಾಗ. ಮುಕ್ಕಾಲು ಗಂಟೆಯ ಹಾರಾಟದಲ್ಲಿ ಏರುವುದೇ ದೊಡ್ಡ ಭಾಗ. ಇನ್ನು ರಾತ್ರಿ ಇಳಿಯಲು ದೀಪಗಳಿಲ್ಲದ ರನ್‌ವೇಗಳಾದ್ದರಿಂದ ಸೂರ್ಯ ಮುಳುಗುವುದರೊಳಗೆ ದಿನದ ಕೆಲಸ ಮುಗಿಯಬೇಕು. ಬೆಳಿಗ್ಗೆ ಬ್ರಹ್ಮಪುತ್ರದ ಮಂಜು, ಮಧ್ಯಾಹ್ನ ಗುಡ್ಡದ ಮೇಲಿನ ಮೋಡ, ಮಳೆಗಾಲದಲ್ಲಂತೂ ಎರಡೂ. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತು ಕಂಪನಿಗೆ ಕಾಸು ಹುಟ್ಟುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ.

ಇಷ್ಟರ ಮೇಲೆ ವಾಯುದೂತ್ ಬಳಿ ಮೂರು ಜಾತಿಯ ವಿಮಾನಗಳು ಸೇರಿಕೊಂಡವು. ಡಚ್ಚರ ಫೋಕರ್ ಎಫ್-27. ಬ್ರಿಟಿಷರ ವಿನ್ಯಾಸದ, ನಮ್ಮ ಕಾನ್ಪುರದಲ್ಲಿ ಕಟ್ಟಿದ ಎಚ್‌ಎಸ್-748. ಜನ ಆವ್ರೊ ಎಂದೇ ಕರೆಯುತ್ತಿದ್ದ ವಿಮಾನ. ಮೂರನೆಯದು ಜರ್ಮನಿಯ ಡಾರ್ನಿಯರ್ 228. ಮೊದಲೆರಡರದು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ ಆದರೂ ಮೈಕಟ್ಟು ಬೇರೆ, ಬಿಡಿಭಾಗ ಬೇರೆ. ಡಾರ್ನಿಯರ್‌ನದು ಎಂಜಿನ್ನೂ ಬೇರೆ. ಒಂದೊಂದಕ್ಕೂ ಪ್ರತ್ಯೇಕ ಲೈಸೆನ್ಸ್ ಪಡೆದ ಎಂಜಿನಿಯರ್, ಪ್ರತ್ಯೇಕ ತರಬೇತಿಯ ಪೈಲಟ್, ಪ್ರತ್ಯೇಕ ಉಗ್ರಾಣ. ಸಣ್ಣ ಸಂಸ್ಥೆ ಒಂದೇ ಜಾತಿಯ ವಿಮಾನ ಇಟ್ಟುಕೊಳ್ಳಬೇಕೆಂಬ ಪಾಠವನ್ನು ಈಗಿನವರು ಬಾಯಿಪಾಠ ಮಾಡಿದ್ದಾರೆ. ವಾಯುದೂತ್‌ಗೆ ಆ ಆಯ್ಕೆಯೇ ಇರಲಿಲ್ಲ, ಕೊಟ್ಟದ್ದನ್ನು ಹಾರಿಸಬೇಕಿತ್ತು.

ಡಾರ್ನಿಯರ್ ಬಂದ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಈ ವಿಮಾನ ಮೊದಲ ಬಾರಿ ಹಾರಿದ್ದು 1981ರಲ್ಲಿ, ವಾಯುದೂತ್ ಹುಟ್ಟಿದ ವರ್ಷವೇ. 1983ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಅದನ್ನು ಇಲ್ಲಿಯೇ ತಯಾರಿಸಲು ಪರವಾನಗಿ ಪಡೆಯಿತು. ಮೊದಲ ಕೆಲವು ಜರ್ಮನಿಯಿಂದಲೇ ಬಂದವು. 1986ರಿಂದ ಕಾನ್ಪುರದ ಘಟಕದಲ್ಲಿ ಕಟ್ಟಿದವು ಹಾರತೊಡಗಿದವು. ಕರಾವಳಿ ಕಾವಲು ಪಡೆ, ನೌಕಾಪಡೆ, ವಾಯುಪಡೆಗಳ ಜೊತೆ ವಾಯುದೂತ್ ಕೂಡ ಅದರ ಗ್ರಾಹಕ. ಚಿಕ್ಕ ರನ್‌ವೇಯಲ್ಲಿ ಇಳಿದು ಏರಬಲ್ಲ ಗಟ್ಟಿಮುಟ್ಟಾದ ವಿಮಾನ. ಕೈಯಲ್ಲಿದ್ದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ದೇಶದಲ್ಲಿಯೇ ಕಟ್ಟಿದ ವಿಮಾನವನ್ನು ದೇಶದ ಸಾಮಾನ್ಯ ಪ್ರಯಾಣಿಕ ಟಿಕೆಟ್ ಕೊಂಡು ಹತ್ತುವ ಅವಕಾಶ ಕೊಟ್ಟ ಸಂಸ್ಥೆಗಳಲ್ಲಿ ವಾಯುದೂತ್ ಕೂಡ ಒಂದು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ದಾಖಲಿಸಬೇಕು.

ಹರ್ಷವರ್ಧನ್ ಅವರ ನೇತೃತ್ವದಲ್ಲಿ ಸಂಸ್ಥೆ ಬೆಳೆದ ವೇಗ ಬೆರಗು ಹುಟ್ಟಿಸುವಂಥದ್ದು. ಈಶಾನ್ಯಕ್ಕೆಂದು ಹುಟ್ಟಿದ್ದು ದೇಶದ ಎಲ್ಲ ಮೂಲೆಗೂ ಹಬ್ಬಿತು. ದಶಕದ ಕೊನೆಯ ಹೊತ್ತಿಗೆ ಸುಮಾರು 100 ನಿಲ್ದಾಣಗಳು ಅದರ ಪಟ್ಟಿಯಲ್ಲಿದ್ದವು. ಅರುಣಾಚಲದ ಪಾಸಿಘಾಟ್, ತೇಜು, ಜೀರೊಗಳಿಗೆ ಡಾರ್ನಿಯರ್ ಹೋಯಿತು. 1988ರಲ್ಲಿ ಲಕ್ಷದ್ವೀಪದ ಅಗತ್ತಿಯಲ್ಲಿ ರನ್‌ವೇ ಸಿದ್ಧವಾದಾಗ ಕೊಚ್ಚಿಯಿಂದ ಹೋಗಿ ಇಳಿದದ್ದೂ ಇದೇ. ಮೈಸೂರಿನವರಿಗೂ ವಾಯುದೂತ್ ನೆನಪಿರಬೇಕು. 1940ರ ಸುಮಾರಿಗೆ ಮಹಾರಾಜರ ಸರ್ಕಾರ ಮಾಡಿಸಿದ್ದ ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ 1980ರ ದಶಕದ ನಡುವಿನಲ್ಲಿ ವಾಯುದೂತ್ ಬಂತು, ಬೆಂಗಳೂರಿಗೆ ಕರೆದೊಯ್ಯಿತು. 1990ರ ಹೊತ್ತಿಗೆ ಅದು ನಿಂತಿತು. ಆಮೇಲೆ ಮಂಡಕಳ್ಳಿ ಇನ್ನೊಂದು ನಿಗದಿತ ವಿಮಾನವನ್ನು ಕಂಡದ್ದು 2010ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ವರ್ಷ!

ಇಷ್ಟು ಬೇಗ ಹರಡಿದ್ದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎನ್ನಬೇಕಾಗುತ್ತದೆ. ಕೈಯಲ್ಲಿದ್ದ ವಿಮಾನಗಳ ಸಂಖ್ಯೆಗೂ ಹೆಸರಿಸಿದ ಊರುಗಳ ಸಂಖ್ಯೆಗೂ ತಾಳೆಯಾಗುತ್ತಿರಲಿಲ್ಲ. ಒಂದು ವಿಮಾನ ರಿಪೇರಿಗೆ ಕುಳಿತರೆ ನಾಲ್ಕಾರು ಊರುಗಳ ಸೇವೆ ರದ್ದು. ಎರಡು ಸಲ ರದ್ದಾದ ಮಾರ್ಗದಲ್ಲಿ ಮೂರನೆಯ ಸಲ ಟಿಕೆಟ್ ಕೊಳ್ಳುವವರು ಕಡಿಮೆ. ಆದರೆ ಒಂದು ಊರಿಗೆ ವಿಮಾನ ಬೇಕೆಂದು ಹಟ ಹಿಡಿಯುತ್ತಿದ್ದವರು ಜನಪ್ರತಿನಿಧಿಗಳು. ಸರ್ಕಾರಿ ಸಂಸ್ಥೆಗೆ ಒಲ್ಲೆನೆನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆ ಸಣ್ಣ ನಿಲ್ದಾಣಗಳ ಕೆಲಸದ ಬಗ್ಗೆ ಎರಡು ಮಾತು. ಟಿಕೆಟ್ ಬರೆದವರೇ ಸಾಮಾನು ತೂಗುವುದು, ಅವರೇ ವಿಮಾನಕ್ಕೆ ಏಣಿ ಹಿಡಿಯುವುದು ಇಂಥ ಕಡೆ ಮಾಮೂಲು. ಹತ್ತೊಂಬತ್ತು ಸೀಟಿನ ವಿಮಾನದಲ್ಲಿ ತೂಕ ಸಮವಾಗಿ ಹಂಚಿಕೆಯಾಗಲೇಬೇಕು. ಯಾರು ಮುಂದೆ, ಯಾರು ಹಿಂದೆ ಕೂರಬೇಕೆಂಬುದು ಸೌಜನ್ಯದ ವಿಷಯವಲ್ಲ, ಸುರಕ್ಷತೆಯ ವಿಷಯ. ಬೇಲಿಯಿಲ್ಲದ ರನ್‌ವೇ ಮೇಲೆ ಮೇಯುವ ದನ ಓಡಿಸಿ, ವಿಮಾನ ಬರುವುದಿಲ್ಲವೆಂದು ಗೊತ್ತಾದ ದಿನ ದೂರದ ಹಳ್ಳಿಯಿಂದ ಬಂದವರ ಸಿಟ್ಟನ್ನು ಸಹಿಸಿ, ಮರುದಿನ ಮತ್ತೆ ಬಾಗಿಲು ತೆಗೆಯುತ್ತಿದ್ದ ಜನ ಇವರು. ಸಂಸ್ಥೆಯ ಮುಖವೆಂದರೆ ಇವರೇ. ದಿಲ್ಲಿಯ ಕಚೇರಿಯಲ್ಲಿ ಬರೆದ ನಷ್ಟದ ಪಟ್ಟಿಗೆ ಮುಖವಿರಲಿಲ್ಲ.

ಎರಡು ಅಪಘಾತಗಳನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1988ರ ಅಕ್ಟೋಬರ್ 19ರಂದು ಸಿಲ್ಚರ್‌ನಿಂದ ಗುವಾಹಟಿಗೆ ಹೊರಟ ಫೋಕರ್ ಇಳಿಯುವ ಮುನ್ನ ಕೆಟ್ಟ ಹವೆಯಲ್ಲಿ ಗುಡ್ಡಕ್ಕೆ ಬಡಿದು ಅದರಲ್ಲಿದ್ದ 34 ಜನರೂ ಸತ್ತರು. ಅದೇ ದಿನ ಅಹಮದಾಬಾದಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಿದ್ದರಿಂದ ದೇಶದ ಗಮನವೆಲ್ಲ ಅತ್ತ ಹೋಯಿತು. ಗುವಾಹಟಿಯ ಸಾವುಗಳು ಪತ್ರಿಕೆಗಳಲ್ಲಿ ಎರಡನೆಯ ಸುದ್ದಿಯಾದವು. 1989ರ ಸೆಪ್ಟೆಂಬರ್ 23ರಂದು ಪುಣೆಯಿಂದ ಹೈದರಾಬಾದಿಗೆ ಹೊರಟ ಡಾರ್ನಿಯರ್ ಉಜನಿ ಜಲಾಶಯಕ್ಕೆ ಬಿದ್ದು 11 ಜನ ಪ್ರಾಣ ಬಿಟ್ಟರು. ಸತ್ತವರಲ್ಲಿ ಸಂಸ್ಥೆಯ ಸಿಬ್ಬಂದಿಯೂ ಇದ್ದರು. ಅವರನ್ನು ಇಲ್ಲಿ ತಲೆಬಾಗಿ ನೆನೆಯುತ್ತೇನೆ. ಜನರ ನಂಬಿಕೆ ಅಲ್ಲಾಡಿತು. ಸಂಸ್ಥೆ ಒಳಗಿಂದಲೂ ಅಲ್ಲಾಡಿತು.

ಅಲ್ಲಿಂದ ಇಳಿಜಾರು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಇಂಧನದ ಬೆಲೆ ಏರಿತು. 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಹೊರದೇಶದಿಂದ ತರಿಸುವ ಬಿಡಿಭಾಗಗಳು ರಾತ್ರೋರಾತ್ರಿ ದುಬಾರಿಯಾದವು. ಖಜಾನೆಯೇ ಬರಿದಾಗಿದ್ದ ವರ್ಷದಲ್ಲಿ ನಷ್ಟದ ಸಂಸ್ಥೆಗೆ ಹಣ ಕೇಳುವವರ ದನಿ ಯಾರಿಗೆ ಕೇಳಿಸೀತು? ನಿಲ್ದಾಣಗಳು ಒಂದೊಂದಾಗಿ ಪಟ್ಟಿಯಿಂದ ಅಳಿಸಿಹೋದವು. ಅತ್ತ ಈಸ್ಟ್ ವೆಸ್ಟ್, ದಮಾನಿಯಾ, ಜೆಟ್, ಮೋದಿಲುಫ್ತ್‌ನಂಥ ಖಾಸಗಿ ಸಂಸ್ಥೆಗಳು ಮುಂಬೈ, ದಿಲ್ಲಿ, ಬೆಂಗಳೂರಿನ ತುಂಬಿದ ಮಾರ್ಗಗಳಲ್ಲಿ ಹಾರಾಟ ಶುರು ಮಾಡಿದವು. ಅವುಗಳಲ್ಲಿ ಯಾವುದಕ್ಕೂ ಕೈಲಾಶಹರ್ ಬೇಕಿರಲಿಲ್ಲ.

1993ರ ಮೇ ತಿಂಗಳಲ್ಲಿ ವಾಯುದೂತನ್ನು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನಗೊಳಿಸುವ ತೀರ್ಮಾನವಾಯಿತು. ಅಲ್ಲಿ ಅದಕ್ಕೆ ಕಡಿಮೆ ದೂರದ ಹಾರಾಟಗಳ ವಿಭಾಗವೆಂದು ಹೆಸರಿಟ್ಟು ಬೇರೆಯೇ ಕೋಣೆ ಕೊಟ್ಟರು. 1997ರಲ್ಲಿ ಆ ಹೆಸರೂ ಇಲ್ಲವಾಯಿತು. ನೌಕರರಲ್ಲಿ ಬಹುಪಾಲು ಜನರನ್ನು ಇಂಡಿಯನ್ ಏರ್‌ಲೈನ್ಸ್ ಮತ್ತು ಏರ್ ಇಂಡಿಯಾ ಹಂಚಿಕೊಂಡವು.

ಕೆಲಸ ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಸೇವಾ ಜ್ಯೇಷ್ಠತೆಯ ಪ್ರಶ್ನೆ ಎದ್ದಿತು. ಹತ್ತು ಹನ್ನೆರಡು ವರ್ಷ ವಾಯುದೂತ್‌ನಲ್ಲಿ ದುಡಿದವರು ಹೊಸ ಮನೆಯಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು? ಹಿಂದಿನ ಸೇವೆಯನ್ನು ಲೆಕ್ಕಕ್ಕೆ ಹಿಡಿದರೆ ಮೊದಲಿಂದ ಇದ್ದವರಿಗೆ ಬಡ್ತಿ ತಪ್ಪುತ್ತದೆ. ಹಿಡಿಯದಿದ್ದರೆ ಬಂದವರ ಅಷ್ಟೂ ವರ್ಷ ನೀರಿನಲ್ಲಿ ಮಾಡಿದ ಹೋಮ. ಈ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಇಂಡಿಯನ್ ಏರ್‌ಲೈನ್ಸ್ ಅಧಿಕಾರಿಗಳ ಸಂಘದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2007ರಲ್ಲಿ, ವಿಲೀನದ ಆದೇಶವಾಗಿ ಹದಿನಾಲ್ಕು ವರ್ಷಕ್ಕೆ. ಅದೇ ವರ್ಷ ಇಂಡಿಯನ್ ಏರ್‌ಲೈನ್ಸ್ ಕೂಡ ಏರ್ ಇಂಡಿಯಾದಲ್ಲಿ ಕರಗಿತು. 1981ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಸೇರಿದವರು ನಿವೃತ್ತಿಯ ಹೊತ್ತಿಗೆ ಎರಡು ವಿಲೀನ ಕಂಡಿದ್ದರು.

ಆಮೇಲಿನ ಕಥೆ ನಮ್ಮ ರಾಜ್ಯದಲ್ಲಿಯೇ ಕಣ್ಣೆದುರು ನಡೆದಿದೆ. ಬೆಂಗಳೂರಿನ ಏರ್ ಪೆಗಾಸಸ್ 2015ರ ಏಪ್ರಿಲ್ 12ರಂದು ಹುಬ್ಬಳ್ಳಿಗೆ ಮೊದಲ ಹಾರಾಟ ನಡೆಸಿತು. 2016ರ ಜುಲೈ ಕೊನೆಯಲ್ಲಿ ನಿಂತಿತು. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಮೈಸೂರಿಗೂ ಬಳ್ಳಾರಿಯ ವಿದ್ಯಾನಗರಕ್ಕೂ, 2020ರ ಫೆಬ್ರವರಿಯಲ್ಲಿ ಬೀದರಿಗೂ ಬಂದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಹಾರಾಟ ನಿಲ್ಲಿಸಿತು. ಖಾಸಗಿ ಸಂಸ್ಥೆ ಮುಳುಗಿದಾಗ ನೌಕರರನ್ನು ಹಂಚಿಕೊಳ್ಳುವ ತಾಯಿಮನೆ ಇರುವುದಿಲ್ಲ. ಬಾಕಿ ಸಂಬಳಕ್ಕಾಗಿ ಸಾಲಗಾರರ ಸಾಲಿನಲ್ಲಿ ಅವರೂ ನಿಲ್ಲಬೇಕು. ಬೆಂಗಳೂರಿನದೇ ಆದ ಕಿಂಗ್‌ಫಿಷರ್ 2012ರಲ್ಲಿ ನಿಂತಾಗ ತಿಂಗಳುಗಟ್ಟಲೆ ಸಂಬಳ ಕಾಣದ ಜನರನ್ನು ಈ ನಗರ ನೋಡಿದೆ. ಆ ಲೆಕ್ಕದಲ್ಲಿ ವಾಯುದೂತ್ ನೌಕರರಿಗೆ ಸಿಕ್ಕ ರಕ್ಷಣೆ ಇಂದಿನ ಪ್ರಾದೇಶಿಕ ವಿಮಾನ ಸಂಸ್ಥೆಗಳ ನೌಕರರಿಗೆ ಇಲ್ಲ.

ಒಂದು ಬದಲಾವಣೆಯನ್ನು ಒಪ್ಪಿಕೊಳ್ಳಲೇಬೇಕು. ಖಾಲಿ ಸೀಟಿನ ಕೊರತೆಯನ್ನು ಯಾರು ತುಂಬಬೇಕೆಂದು ಉಡಾನ್ ಮೊದಲೇ ಬರೆದಿಟ್ಟಿತು. ಮೂರು ವರ್ಷದ ಮಟ್ಟಿಗೆ, ಅಷ್ಟೇ. ಆದರೂ 1981ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು 2016ರಲ್ಲಿ ಸರ್ಕಾರ ಕೇಳಿಕೊಂಡಿತು. ಆ ಪ್ರಶ್ನೆ ದೇಶಕ್ಕೆ ತಿಳಿದದ್ದೇ ವಾಯುದೂತ್‌ನ ನಷ್ಟದಿಂದ. ಆದ್ದರಿಂದ ಆ ನಷ್ಟವನ್ನು ಅಸಮರ್ಥತೆಯ ದಾಖಲೆ ಎಂದು ಬರೆಯುವವರ ಜೊತೆ ನಾನು ನಿಲ್ಲಲಾರೆ. ಅದು ದೇಶ ಆಜ್ಞೆ ಮಾಡಿ, ಬೆಲೆ ತೆರದೆ ಪಡೆದ ಸೇವೆ.

2021ರಲ್ಲಿ ರೂಪ್ಸಿಗೆ, 2023ರಲ್ಲಿ ಕೂಚ್ ಬಿಹಾರಕ್ಕೆ ಮತ್ತೆ ವಿಮಾನ ಬಂತು. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್‌ನ ಡಾರ್ನಿಯರ್ 228, ಅದೇ ಕಾನ್ಪುರದಲ್ಲಿ ಕಟ್ಟಿದ್ದು, ದಿಬ್ರುಗಢದಿಂದ ಪಾಸಿಘಾಟ್‌ಗೆ ಹಾರಿತು. ದೇಶದಲ್ಲಿ ತಯಾರಾದ ವಿಮಾನದ ಮೊದಲ ವಾಣಿಜ್ಯ ಹಾರಾಟವೆಂದು ಅಂದು ಹಲವು ಸುದ್ದಿಗಳಲ್ಲಿ ಬಂತು. ಮೂವತ್ತೈದು ವರ್ಷದ ಹಿಂದೆಯೇ ಅದನ್ನು ಮಾಡಿ ತೋರಿಸಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಹೀಗೆ ಮರೆಯಲು ಒಂದು ಕಾರಣ, ವಾಯುದೂತ್‌ಗೆ ತನ್ನದೇ ದಾಖಲೆಗಳ ಭಂಡಾರವಿಲ್ಲ. ಇದನ್ನು ಓದುವ ನಿಮ್ಮ ಮನೆಯಲ್ಲಿ ವಾಯುದೂತ್‌ನಲ್ಲಿ ದುಡಿದವರಿದ್ದರೆ ಅವರ ಲಾಗ್‌ಬುಕ್, ವೇಳಾಪಟ್ಟಿ, ಗುರುತಿನ ಚೀಟಿ, ಫೋಟೊಗಳನ್ನು ರದ್ದಿಗೆ ಹಾಕಬೇಡಿ. ಅವರನ್ನು ಕೂರಿಸಿಕೊಂಡು ಮಾತಾಡಿಸಿ, ಬರೆದಿಡಿ. ಮೊದಲ ತಂಡದಲ್ಲಿ ಸೇರಿದವರಿಗೆ ಈಗ ಎಪ್ಪತ್ತರ ಆಸುಪಾಸು. ಈ ಕೆಲಸ ಈ ವರ್ಷವೇ ಆಗಬೇಕು.