ಮಿಲ್ಲರ್ ಸಮಿತಿಯಿಂದ ರೋಸ್ಟರ್ ರಿಜಿಸ್ಟರ್‌ವರೆಗೆ: ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯದ ನೂರು ವರ್ಷ

ಮಿಲ್ಲರ್ ಸಮಿತಿಯ ಶಿಫಾರಸನ್ನು ಒಪ್ಪಿ ಮೈಸೂರು ಸಂಸ್ಥಾನದ ಸರ್ಕಾರ 1921ರ ಮೇ 16ರಂದು ಆದೇಶ ಹೊರಡಿಸಿತು. ಏಳು ವರ್ಷ ಮೀರದಂತೆ, ಪ್ರತಿ ಶ್ರೇಣಿಯ ಮೇಲ್ದರ್ಜೆ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳದರ್ಜೆ ಹುದ್ದೆಗಳಲ್ಲಿ ಕನಿಷ್ಠ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕೆಂಬುದು ಆ ಶಿಫಾರಸಿನ ತಿರುಳು. ಅಲ್ಲಿಂದೀಚೆಗೆ ಅರಸೊತ್ತಿಗೆ ಹೋಯಿತು, ಸಂವಿಧಾನ ಬಂತು, ರಾಜ್ಯದ ಗಡಿಗಳೇ ಬೇರೆಯಾದವು, ನ್ಯಾಯಾಲಯಗಳು ಹಲವು ಆದೇಶಗಳನ್ನು ರದ್ದುಮಾಡಿದವು. ಆದರೂ ಪ್ರಾತಿನಿಧ್ಯ ಕೊಡುವ ಕೆಲಸ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ. ಸಾಮಾನ್ಯವಾಗಿ ಉತ್ತರವನ್ನು ನಾಯಕರ ಹೆಸರುಗಳಲ್ಲಿ ಹುಡುಕುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ, ದೇವರಾಜ ಅರಸು ಅವರ ಪಾತ್ರವನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ನಾಯಕರು ಹೋದಮೇಲೂ ಈ ಕೆಲಸವನ್ನು ಹಿಡಿದಿಟ್ಟದ್ದು ಎಣಿಕೆ, ದಾಖಲೆ ಮತ್ತು ಅವನ್ನು ಬಿಡದೆ ನಡೆಸಿದ ಕಚೇರಿಯ ಶಿಸ್ತು. ಎಣಿಕೆ ಸಡಿಲಗೊಂಡ ಕಡೆಯಲ್ಲೆಲ್ಲ ಅದು ಸೋತಿದೆ.

1881ರಲ್ಲಿ ಅಧಿಕಾರ ಒಡೆಯರ ಮನೆತನಕ್ಕೆ ಮರಳಿದಾಗ ಮೈಸೂರಿನ ಉನ್ನತ ಹುದ್ದೆಗಳಲ್ಲಿ ಮದರಾಸು ಪ್ರಾಂತದಿಂದ ಬಂದವರ ಮೇಲುಗೈ ಇತ್ತು. ‘ಮೈಸೂರು ಮೈಸೂರಿಗರಿಗೆ’ ಎಂಬ ಕೂಗು ಹುಟ್ಟಿದ್ದು ಆ ಅಸಮಾಧಾನದಿಂದ. ಅದು ಸ್ಥಳೀಯ ಬ್ರಾಹ್ಮಣರಿಗೆ ದಾರಿ ತೆರೆಯಿತೇ ಹೊರತು ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಸ್ಥಿತಿಯನ್ನು ಹೆಚ್ಚು ಬದಲಿಸಲಿಲ್ಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಈ ಪ್ರಶ್ನೆಯನ್ನು ಮಹಾರಾಜರ ಮುಂದಿಟ್ಟಿತು. ಅದರ ಹಿಂದೆ ಸಿ.ಆರ್. ರೆಡ್ಡಿ ಅವರಂಥ ವಿದ್ವಾಂಸರಿದ್ದರು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆಡಳಿತದ ದಕ್ಷತೆ ಕುಂದುತ್ತದೆ, ಶಿಕ್ಷಣ ಹರಡಿದರೆ ಪ್ರಾತಿನಿಧ್ಯ ತಾನಾಗಿ ಬರುತ್ತದೆ ಎಂಬುದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದವರ ಮಾತನ್ನು ಬರೀ ಜಾತಿ ಅಭಿಮಾನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಶಾಲೆ ಮೊದಲೋ ಹುದ್ದೆ ಮೊದಲೋ ಎಂಬ ಆಯ್ಕೆಯೇ ಇರಲಿಲ್ಲ. ಹಿಂದುಳಿದವರ ಉನ್ನತ ಶಿಕ್ಷಣಕ್ಕೆ ಏನು ಮಾಡಬೇಕೆಂಬುದನ್ನೂ ಮಿಲ್ಲರ್ ಸಮಿತಿಗೇ ಒಪ್ಪಿಸಲಾಗಿತ್ತು. ಸಮಿತಿ ಎರಡನ್ನೂ ಒಟ್ಟಿಗೆ ಕೇಳಿತು.

1921ರಲ್ಲೇ ಕೇಂದ್ರ ನೇಮಕಾತಿ ಮಂಡಳಿ ರಚನೆಯಾದದ್ದು ನನ್ನ ದೃಷ್ಟಿಯಲ್ಲಿ ಶೇಕಡಾವಾರು ಗುರಿಯಷ್ಟೇ ಮಹತ್ವದ್ದು. ಇಲಾಖೆಯ ಮುಖ್ಯಸ್ಥರ ಇಷ್ಟಾನಿಷ್ಟಕ್ಕೆ ಬಿಟ್ಟಿದ್ದ ನೇಮಕಾತಿಯ ಮೇಲೆ ಇನ್ನೊಬ್ಬರ ಕಣ್ಣು ಬಿತ್ತು. ಏಳು ವರ್ಷದ ಗಡುವು ಮುಗಿದ ಮೇಲೂ ಪದ್ಧತಿ ಮುಂದುವರಿಯಿತು. ಆದರೆ ವರದಿಯಲ್ಲೊಂದು ದೊಡ್ಡ ಬಿರುಕಿತ್ತು. ‘ದಲಿತ ವರ್ಗ’ದ ಅರ್ಹ ಅಭ್ಯರ್ಥಿಗಳು ದೊರೆತಾಗ ಅವರಿಗೆ ಆದ್ಯತೆ ಕೊಡಬೇಕು ಎಂದಷ್ಟೇ ಅದು ಹೇಳಿತು, ಅವರಿಗೆಂದು ಪಾಲು ಗೊತ್ತುಪಡಿಸಲಿಲ್ಲ. ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಗುಂಪಾಗಿ ಎಣಿಸಿದ್ದರಿಂದ, ಭೂಮಿ ಮತ್ತು ವಿದ್ಯೆ ಸ್ವಲ್ಪವಾದರೂ ಇದ್ದ ದೊಡ್ಡ ಸಮುದಾಯಗಳು ಮುಂದೆ ಬಂದವು. ಗುಂಪಿನ ಕೊನೆಯಲ್ಲಿದ್ದವರು ಲೆಕ್ಕಕ್ಕೇ ಸಿಗಲಿಲ್ಲ.

1956ರ ನವೆಂಬರ್ 1ರ ಏಕೀಕರಣ ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ ಒಡ್ಡಿತು. ಹಳೆಯ ಮೈಸೂರು, ಮುಂಬಯಿ ಮತ್ತು ಹೈದರಾಬಾದ್ ಪ್ರದೇಶಗಳು, ಮದರಾಸಿನ ಜಿಲ್ಲೆಗಳು, ಕೊಡಗು ತಂತಮ್ಮ ಹಿಂದುಳಿದವರ ಪಟ್ಟಿಗಳೊಂದಿಗೆ ಒಂದೇ ಸರ್ಕಾರದಡಿ ಬಂದವು. ಎಲ್ಲರಿಗೂ ಹೊಂದುವ ಪಟ್ಟಿಗಾಗಿ 1960ರಲ್ಲಿ ಆರ್. ನಾಗನಗೌಡ ಸಮಿತಿ ರಚನೆಯಾಯಿತು. ಅದು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9. ಸರ್ಕಾರ ಮಾತ್ರ 7.1 ಇದ್ದ ಲಿಂಗಾಯತರನ್ನೂ ಹಿಂದುಳಿದವರೆಂದು ಪರಿಗಣಿಸಿತು. 1962ರ ಜುಲೈ 31ರ ಆದೇಶದಲ್ಲಿ ಕಾಲೇಜು ಸೀಟುಗಳ ಒಟ್ಟು ಮೀಸಲಾತಿ ಶೇ 68 ಆಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮೀಸಲಾತಿ ಸ್ಥೂಲವಾಗಿ ಶೇ 50ರೊಳಗಿರಬೇಕೆಂದಿತು. ಇಂದು ದೇಶವೆಲ್ಲ ಚರ್ಚಿಸುವ ಐವತ್ತರ ಮಿತಿಯ ಮೊದಲ ಮಾತು ಮೈಸೂರಿನ ಈ ಪ್ರಕರಣದಲ್ಲಿದೆ. ಸರ್ಕಾರ ಅಲ್ಲಿಗೇ ಕೈಚೆಲ್ಲಲಿಲ್ಲ. ವರ್ಷಕ್ಕೆ 1,200 ರೂಪಾಯಿಯೊಳಗಿನ ಕುಟುಂಬ ಆದಾಯ ಮತ್ತು ಕಸುಬು, ಇವೆರಡನ್ನೇ ಮಾನದಂಡ ಮಾಡಿಕೊಂಡಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಅದು ಊರ್ಜಿತವಾಯಿತು.

ಜಾತಿ ಬಿಟ್ಟ ಮಾನದಂಡದಲ್ಲಿ ಬಡವರೆಲ್ಲ ಒಂದೇ ಎಂಬ ನೋಟವಿತ್ತು, ಆದರೆ ಕುಂಬಾರನೂ ಮಡಿವಾಳನೂ ಅದರಲ್ಲಿ ಮತ್ತೆ ಮಸುಕಾದರು. 1972ರಲ್ಲಿ ದೇವರಾಜ ಅರಸು ನೇಮಿಸಿದ ಎಲ್.ಜಿ. ಹಾವನೂರು ಆಯೋಗ ಆ ಮಸುಕನ್ನು ತೆಗೆಯಿತು. 1975ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ವರದಿ ಹಿಂದುಳಿದ ಸಮುದಾಯ, ಹಿಂದುಳಿದ ಜಾತಿ, ಹಿಂದುಳಿದ ಬುಡಕಟ್ಟು ಎಂದು ವಿಂಗಡಿಸಿತು. ಮಿಲ್ಲರ್ ವರದಿಯ ಒಂದೇ ಗುಂಪು ಇಲ್ಲಿ ಒಡೆಯಿತು. ಮುಂದೆ ಟಿ. ವೆಂಕಟಸ್ವಾಮಿ ಆಯೋಗದ ವರದಿ 1986ರಲ್ಲಿ ಬಂದಾಗ ಪ್ರಬಲ ಸಮುದಾಯಗಳು ಸಿಡಿದೆದ್ದವು, ಸರ್ಕಾರ ಅದನ್ನು ಒಪ್ಪಲಿಲ್ಲ. ಹಿಂದುಳಿದವರ ಮೀಸಲಾತಿ ಕುರಿತ 1985ರ ವಸಂತಕುಮಾರ್ ಪ್ರಕರಣದ ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾಗಿದ್ದ ಓ. ಚಿನ್ನಪ್ಪ ರೆಡ್ಡಿ ಅವರೇ ನಿವೃತ್ತಿಯ ಬಳಿಕ ಮೂರನೇ ಆಯೋಗದ ಅಧ್ಯಕ್ಷರಾದರು. ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ಇಂದಿನ ಚೌಕಟ್ಟು 1994ರಲ್ಲಿ ನೆಲೆಗೊಂಡಿತು.

ಎಣಿಕೆಯ ಬೆಲೆ ಏನೆಂಬುದು ಪವಿತ್ರಾ ಪ್ರಕರಣದಲ್ಲಿ ಬಯಲಾಯಿತು. ಮೀಸಲಾತಿಯಲ್ಲಿ ಮುಂಬಡ್ತಿ ಪಡೆದ ಪರಿಶಿಷ್ಟ ಜಾತಿ, ಪಂಗಡದ ನೌಕರರಿಗೆ ತತ್ಪರಿಣಾಮ ಜ್ಯೇಷ್ಠತೆ (ಮುಂಬಡ್ತಿಯ ದಿನದಿಂದಲೇ ಎಣಿಸುವ ಹಿರಿತನ) ಕೊಡುವ 2002ರ ಕಾಯ್ದೆಯ ಮುಖ್ಯ ಕಲಂಗಳನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 9ರಂದು ರದ್ದುಮಾಡಿತು. ಪ್ರಾತಿನಿಧ್ಯ ಸಾಲದು ಎಂಬುದಕ್ಕೆ ಸರ್ಕಾರ ಅಂಕಿಅಂಶ ಕಲೆಹಾಕಿಲ್ಲ ಎಂಬುದು ಕಾರಣ. ಸಾವಿರಾರು ನೌಕರರ ಜ್ಯೇಷ್ಠತಾ ಪಟ್ಟಿ ತಲೆಕೆಳಗಾಯಿತು. ಹಿಂಬಡ್ತಿಯ ಭೀತಿ ಕಚೇರಿಗಳನ್ನು ಆವರಿಸಿತು. ಅಪರ ಮುಖ್ಯ ಕಾರ್ಯದರ್ಶಿಯಾಗಿದ್ದ ಕೆ. ರತ್ನಪ್ರಭಾ ಅವರ ನೇತೃತ್ವದ ಸಮಿತಿ ಇಲಾಖೆಗಳಿಂದ ಮೂರು ದಶಕಗಳ ಮಾಹಿತಿಯನ್ನು ವೃಂದವಾರು ತರಿಸಿಕೊಂಡಿತು. ಎ, ಬಿ, ಸಿ ವೃಂದಗಳಲ್ಲಿ ಪರಿಶಿಷ್ಟ ಜಾತಿಯವರು ಶೇ 15ಕ್ಕಿಂತ ಕಡಿಮೆ, ಎಲ್ಲಕ್ಕಿಂತ ಕೆಳಗಿನ ಡಿ ವೃಂದದಲ್ಲಿ ಮಾತ್ರ ಅದಕ್ಕಿಂತ ಹೆಚ್ಚು ಎಂದು ಕಂಡುಬಂತು. ಒಟ್ಟು ಲೆಕ್ಕವನ್ನಷ್ಟೇ ನೋಡಿದ್ದರೆ ಈ ಅನ್ಯಾಯ ಕಾಣುತ್ತಲೇ ಇರಲಿಲ್ಲ. ಈ ಅಧ್ಯಯನದ ಆಧಾರದ ಮೇಲೆ ಬಂದ 2018ರ ಕಾಯ್ದೆಯನ್ನು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ 2019ರ ಮೇ 10ರಂದು ಎತ್ತಿಹಿಡಿಯಿತು. ಸಮಾಜದ ವೈವಿಧ್ಯವನ್ನು ಒಳಗೊಂಡಿರುವುದೂ ಆಡಳಿತದ ದಕ್ಷತೆಯ ಒಂದು ಅಂಗವೆಂದು ತೀರ್ಪು ಹೇಳಿತು. 1918ರಲ್ಲಿ ದಿವಾನರು ಎತ್ತಿದ ದಕ್ಷತೆಯ ಪ್ರಶ್ನೆಗೆ ನ್ಯಾಯಪೀಠವೊಂದು ಇಷ್ಟು ನೇರವಾಗಿ ಉತ್ತರಿಸಿದ್ದು ನನಗೆ ಬಹಳ ದೊಡ್ಡ ಘಟನೆಯಾಗಿ ಕಾಣುತ್ತದೆ.

ಮೀಸಲಾತಿಯ ವ್ಯಾಪ್ತಿ ಹಿಗ್ಗುತ್ತಲೂ ಇದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಸ್ಥಳೀಯ ವೃಂದದ ಮೀಸಲಾತಿ 2013ರಲ್ಲಿ ಜಾರಿಯಾಯಿತು. 2021ರಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಲಿಂಗತ್ವ ಅಲ್ಪಸಂಖ್ಯಾತರಿಗೆ ಎಲ್ಲ ಪ್ರವರ್ಗಗಳೊಳಗೂ ಅನ್ವಯಿಸುವ ಶೇ 1 ಸಮತಳ ಮೀಸಲಾತಿ ಕೊಡಲಾಯಿತು. ದೇಶದಲ್ಲಿ ಇದನ್ನು ಮಾಡಿದ ಮೊದಲ ರಾಜ್ಯ ಕರ್ನಾಟಕ.

ಈ ಎಣಿಕೆಗೆ ಈಗಿನ ಅಪಾಯ ಬರುತ್ತಿರುವುದು ಇನ್ನೊಂದು ದಿಕ್ಕಿನಿಂದ. ಡಿ ವೃಂದದ ಕೆಲಸಗಳು, ಡೇಟಾ ಎಂಟ್ರಿ, ವಾಹನ ಚಾಲನೆ, ಭದ್ರತೆ ಎಲ್ಲವೂ ಹೊರಗುತ್ತಿಗೆಗೆ ಹೋಗುತ್ತಿವೆ. ಮಂಜೂರಾದ ಹುದ್ದೆಯಿದ್ದರೆ ಅದು ಯಾವ ಪ್ರವರ್ಗಕ್ಕೆಂದು ಹೇಳುವ ಬಿಂದು ರೋಸ್ಟರ್ ರಿಜಿಸ್ಟರ್‌ನಲ್ಲಿ ಇರುತ್ತದೆ, ಭರ್ತಿಯಾಗದಿದ್ದರೆ ಬ್ಯಾಕ್‌ಲಾಗ್ ಎಂದು ಕೇಳಬಹುದು. ಹುದ್ದೆಯೇ ಇಲ್ಲದಿದ್ದಾಗ ಕೇಳುವುದು ಯಾರನ್ನು? ಹೊರಗುತ್ತಿಗೆಗೂ ಮೀಸಲಾತಿ ಅನ್ವಯಿಸಬೇಕೆಂದು ಸರ್ಕಾರ 2024ರಲ್ಲಿ ಆದೇಶಿಸಿದೆ, ಅದು ಸ್ವಾಗತಾರ್ಹ. ಅದು ಕಾಗದದಲ್ಲೇ ಉಳಿಯಬಾರದೆಂದರೆ ಪ್ರತಿ ಏಜೆನ್ಸಿಯೂ ತಾನು ಒದಗಿಸಿದ ನೌಕರರ ಪ್ರವರ್ಗವಾರು, ಕೆಲಸವಾರು ಪಟ್ಟಿಯನ್ನು ಬಿಲ್ಲಿನ ಜೊತೆಗೇ ಇಲಾಖೆಗೆ ಕೊಡಬೇಕು. ಪಟ್ಟಿಯಿಲ್ಲದ ಬಿಲ್ಲನ್ನು ಖಜಾನೆ ಹಿಂದಿರುಗಿಸಬೇಕು.