ಮೈದಾನದಿಂದ ಮತಪೆಟ್ಟಿಗೆಗೆ

ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಹೊರಟರೆ ಹೆದ್ದಾರಿಯಲ್ಲೇ ಕಣಗಲಾ ಸಿಗುತ್ತದೆ. ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದಾಗ ಕಾಲೇಜು ಹುಡುಗನೊಬ್ಬ ಕೇಳಿದ: “ಸರ, ಆಟಗಾರರು ಇಲೆಕ್ಷನ್‌ಗೆ ನಿಂದರೂದು ಈಗ ಶುರು ಆಗೇತೇನ್ರಿ?” ಹರಿಯಾಣದ ಜುಲಾನಾ ಕ್ಷೇತ್ರದಿಂದ 2024ರಲ್ಲಿ ಶಾಸಕಿಯಾದ ಕುಸ್ತಿಪಟು ವಿನೇಶ್ ಫೋಗಟ್ ಅವನ ಮನಸ್ಸಿನಲ್ಲಿದ್ದರು. ಈಗ ಶುರುವಾದದ್ದಲ್ಲ. 1928ರ ಒಲಿಂಪಿಕ್ ಹಾಕಿ ತಂಡದ ನಾಯಕ ಜೈಪಾಲ್ ಸಿಂಗ್ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾಗಿದ್ದರು. ಮನ್ಸೂರ್ ಅಲಿ ಖಾನ್ ಪಟೌಡಿ ಎರಡು ಸಲ ಲೋಕಸಭೆಗೆ ಸ್ಪರ್ಧಿಸಿ ಎರಡು ಸಲವೂ ಸೋತರು. ಆದರೆ ನಾನು ಆ ಹುಡುಗನಿಗೆ ಹೇಳಿದ್ದು ಇವರಿಗಿಂತ ಹಿಂದಿನವರ, ನಮಗೆ ಹತ್ತಿರದವರೊಬ್ಬರ ಕಥೆ.

ಪಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಆಗ ‘ಅಸ್ಪೃಶ್ಯ’ರೆಂದು ದೂರವಿಟ್ಟಿದ್ದ ಚಮ್ಮಾರ ಜಾತಿಯ ಕುಟುಂಬ ಅವರದು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬೊಂದರಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಪಿಚ್ ಉರುಳಿಸುವ, ಬಲೆ ಕಟ್ಟುವ ಕೆಲಸಕ್ಕಿದ್ದರು. ಸಾಹೇಬರ ಬ್ಯಾಟಿಂಗ್ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡೆಸೆಯುವುದೂ ಅದೇ ಸಂಬಳದಲ್ಲಿ ಸೇರಿತ್ತು. ಎಡಗೈ ಸ್ಪಿನ್ ಪಳಗಿದ್ದು ಅಲ್ಲಿ. ಕೈಗೆ ಬ್ಯಾಟ್ ಮಾತ್ರ ಯಾರೂ ಕೊಡಲಿಲ್ಲ.

ಮುಂದೆ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು; ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಬೇರೆ ಮಣ್ಣಿನ ಕುಡಿಕೆ. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಲೂ, ತಮ್ಮ ಶಿವರಾಮ್ ಇಬ್ಬರೂ ತಂಡದಲ್ಲಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡ ಹೆಚ್ಚಿನ ಪಂದ್ಯಗಳನ್ನು ಸೋತಿತಾದರೂ ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲರ ಪಾಲಿಗೆ ಬಂತು.

ಇಂಥವರನ್ನು ರಾಜಕೀಯ ಕೈಬೀಸಿ ಕರೆದದ್ದರಲ್ಲಿ ಆಶ್ಚರ್ಯವಿಲ್ಲ. 1932ರಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಪ್ರತ್ಯೇಕ ಕ್ಷೇತ್ರ ಹೋಗಿ, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಅದಕ್ಕೆ ಸಹಿ ಹಾಕಿದವರಲ್ಲಿ ಡಾ. ಅಂಬೇಡ್ಕರರೂ ಇದ್ದರು, ಬಾಲೂ ಕೂಡ ಇದ್ದರು. ಕ್ರಿಕೆಟಿಗ ಬಾಲೂ ಬಗ್ಗೆ ಯುವಕ ಅಂಬೇಡ್ಕರರಿಗೆ ತುಂಬ ಅಭಿಮಾನವಿತ್ತು. ಪ್ರತ್ಯೇಕ ಕ್ಷೇತ್ರದ ಪ್ರಶ್ನೆಯಲ್ಲಿ ಇಬ್ಬರ ದಾರಿಗಳೂ ಬೇರೆಯಾದವು. ಹಿಂದೂ ಸಮಾಜದ ಒಳಗಿದ್ದೇ ಬದಲಾವಣೆ ಸಾಧ್ಯವೆಂದು ಬಾಲೂ ನಂಬಿದ್ದರು. ಮೈದಾನದಲ್ಲಿ ನಿಧಾನವಾಗಿ ಬಾಗಿಲು ತೆರೆದದ್ದನ್ನು ಕಂಡವರಲ್ಲವೇ! ಅಂಬೇಡ್ಕರರಿಗೆ ಆ ನಂಬಿಕೆ ಉಳಿದಿರಲಿಲ್ಲ.

1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆ ಬಂತು. ಗಿರಣಿ ಕಾರ್ಮಿಕರು ಕಿಕ್ಕಿರಿದ ಭಾಯಖಳಾ–ಪರೇಲ್ ಭಾಗದಲ್ಲಿ ಅಂಬೇಡ್ಕರ್ ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರೆದುರು ಕಾಂಗ್ರೆಸ್ ಹೂಡಿದ ಹೆಸರು ಬಾಲೂ. ಅದಕ್ಕೂ ಮೊದಲು ನಗರಸಭೆ ಚುನಾವಣೆಯಲ್ಲಿ ಸೋತಿದ್ದ ಬಾಲೂಗೆ ಆಗ ಅರವತ್ತು ದಾಟಿತ್ತು. ಅಂಬೇಡ್ಕರರಿಗೆ 13,245 ಮತ, ಬಾಲೂಗೆ 11,225. ವಿಜ್ಞಾನ ಓದಿದವನ ಚಾಳಿ, ಲೆಕ್ಕ ಹಾಕಿ ನೋಡಿದೆ: ಅಂತರ 2,020. ಇಬ್ಬರಿಗೂ ಬಿದ್ದ ಮತಗಳನ್ನು ಕೂಡಿದರೆ ನೂರಕ್ಕೆ 54 ಒಬ್ಬರಿಗೆ, 46 ಇನ್ನೊಬ್ಬರಿಗೆ. ಎಲ್ಲರಿಗೂ ಮತದಾನದ ಹಕ್ಕಿಲ್ಲದ ಕಾಲವದು. ಆಸ್ತಿ, ತೆರಿಗೆ, ವಿದ್ಯೆ ನೋಡಿ ಮತ ಕೊಡುತ್ತಿದ್ದರು.

ಅಂಬೇಡ್ಕರರನ್ನು ಮಣಿಸಲು ಬಾಲೂ ಅವರನ್ನು ಬಳಸಿಕೊಂಡರು ಎಂದು ಹೇಳುವವರಿದ್ದಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಹಾಗೆಂದು ಅವರನ್ನು ಬರೀ ಗೊಂಬೆಯೆನ್ನಲು ನಾನು ಒಪ್ಪುವುದಿಲ್ಲ. ಐದು ವರ್ಷ ಮೊದಲು ಪುಣೆಯಲ್ಲಿ ಯಾವ ಪಕ್ಷ ಹಿಡಿದಿದ್ದರೋ ಅದೇ ನಿಲುವಿನಿಂದ ಅವರು ಮತ ಕೇಳಿದರು. ಆದರೆ ಮಹಾಡದ ಕೆರೆಯ ನೀರಿಗಾಗಿ 1927ರಲ್ಲಿ ನಡೆದ ಹೋರಾಟದಿಂದ ಹಿಡಿದು ಹತ್ತು ವರ್ಷ ಅಂಬೇಡ್ಕರರು ಕಟ್ಟಿದ್ದ ಸಂಘಟನೆಯ ಮುಂದೆ ಹಳೆಯ ವಿಕೆಟ್‌ಗಳು ಸಾಲಲಿಲ್ಲ.

ಕಣಗಲಾದ ಹುಡುಗನಿಗೆ ಅಚ್ಚರಿಯಾದದ್ದು ಈ ಸೋಲಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಾಲೂ ಹೋಗಲಾಗದ ಆ ಸಭೆಗೆ ಇಲ್ಲಿಯವರೂ ಸದಸ್ಯರನ್ನು ಆರಿಸಿ ಕಳಿಸಿದ್ದರು. ಪಕ್ಕದ ನಿಪ್ಪಾಣಿಗೆ ಅಂಬೇಡ್ಕರ್ 1925ರಲ್ಲೇ ಪರಿಷತ್ತಿಗೆಂದು ಬಂದಿದ್ದರು. ಅದೇ ನಿಪ್ಪಾಣಿಯ ಬಲವಂತ ವರಾಳೆ 1937ರಲ್ಲಿ ಅಂಬೇಡ್ಕರರ ಪಕ್ಷದಿಂದ ಗೆದ್ದು ಮುಂಬಯಿಯ ಸಭೆಗೆ ಹೋದರು.

“ಹಂಗಾರ ನಮ್ಮ ಕಡಿ ಮಂದೀನೂ ಬಾಲೂ ಪಕ್ಷಾನ ಸೋಲಿಸ್ಯಾರ,” ಎಂದ ಹುಡುಗ. ಬಾಲೂ ಮುಂಬಯಿಯಲ್ಲೇ ಉಳಿದು 1955ರ ಜುಲೈಯಲ್ಲಿ ತೀರಿಕೊಂಡರು. ಅಷ್ಟರಲ್ಲಿ, ಅವರನ್ನು ಸೋಲಿಸಿದವರು ರೂಪಿಸಿದ ಸಂವಿಧಾನ ಜಾರಿಗೆ ಬಂದು ಐದು ವರ್ಷ ಕಳೆದಿತ್ತು.